ಬೆಟ್ಟದೊಡೆಯನ ಪಾಲು

ಬಿತ್ತನೆಗೆ ಇನ್ನು ಮೂರು ದಿನವಿರುವಾಗ ಇಲಾರಿಯಾ ಕುಕುಲ್ ಮಣ್ಣಿನ ಹಂಚನ್ನು ಒಲೆಗಿಟ್ಟು ಕೊಕ್ಕೋ ಬೀಜ ಹುರಿಯಲು ಕೂತಳು. ಮದುವೆಯಾಗಿ ಬಂದಂದಿನಿಂದ ಅದು ಅವಳ ಪಾಲಿನ ಕೆಲಸ. ಅವಳು ಅರೆದು ಕದಡಿದ ಕೊಕ್ಕೋವನ್ನು ಗಂಡ ಕ್ರಿಸಾಂತೋ ಗುಹೆಗೆ ಒಯ್ದು, ಊರಿನ ಪರವಾಗಿ ಬೆಟ್ಟದೊಡೆಯನಿಗೆ ಎರೆದು, ನೆಲ ಅಗೆಯಲು ಅಪ್ಪಣೆ ಕೇಳುತ್ತಿದ್ದ. ಹೋದ ಮಳೆಗಾಲದಲ್ಲಿ ಅವನು ತೀರಿಕೊಂಡ. ಅದಕ್ಕೂ ಮೊದಲೇ ಊರಿನ ಉಳಿದ ಮೂವತ್ತು ಮನೆಗಳೂ ಒಂದೊಂದಾಗಿ ಹೊಸ ಪ್ರಾರ್ಥನಾಮಂದಿರದ ಕಡೆ ಹೋಗಿಬಿಟ್ಟಿದ್ದವು. ಅಲ್ಲಿ ಬೆಟ್ಟಕ್ಕೆ ಎರೆಯುವ ಈ ಪಾನೀಯ ನಿಷಿದ್ಧ.

ವಾಸನೆ ಹಿಡಿದು ತಂಗಿ ತೋಮಾಸಾ ಬಂದು ಬಾಗಿಲಲ್ಲೇ ನಿಂತಳು. ಅವಳೂ ಆ ಮಂದಿರದವಳೇ.

"ಯಾರಿಗೆ ಅಂತ ಹುರೀತಿದ್ದೀಯಕ್ಕಾ? ಕುಡಿಯೋರು ಯಾರಿದಾರೆ?"

ಇಲಾರಿಯಾ ಗಲ್ಲ ಎತ್ತಿ ಬೆಟ್ಟ ತೋರಿಸಿದಳು.

"ಅವನ ಹತ್ರ ಮಾತಾಡೋ ಭಾವನೇ ಹೋದ್ರು. ನಿಂಗೆ ಮಂತ್ರ ಬರುತ್ತಾ?"

"ಇಲ್ಲ."

"ಮತ್ತೆ? ಬಾಯಿ ಮುಚ್ಕೊಂಡು ನಿಂತಿರ್ತೀಯಾ?"

"ನಿನ್ನ ಜೊತೆ ಬೆಳೆದೋಳಲ್ವಾ, ಅಭ್ಯಾಸ ಇದೆ."

ತೋಮಾಸಾಗೆ ನಗು ಬಂತು, ತಡೆದುಕೊಂಡಳು. ಅಕ್ಕನ ಊದಿದ ಮಣಿಕಟ್ಟು ಕಣ್ಣಿಗೆ ಬಿದ್ದದ್ದೇ ಒಳಗೆ ಬಂದು, ಅವಳನ್ನು ಪಕ್ಕಕ್ಕೆ ಸರಿಸಿ ಅರೆಯುವ ಕಲ್ಲಿನ ಮುಂದೆ ಮಂಡಿಯೂರಿದಳು. "ಕುಡೀಬೇಡಿ ಅಂದಿದಾರೆ. ಅರೀಬೇಡಿ ಅಂತ ಯಾರೂ ಅಂದಿಲ್ಲ."

ನುಣ್ಣಗೆ ಅರೆದಳು. ಬೆರಳಿಗೆ ಹತ್ತಿದ್ದನ್ನು ನೆಕ್ಕದೆ ತೊಳೆದುಕೊಂಡು ಹೊರಟಳು. 'ನೀನೂ ಬಾರೆ' ಎಂಬ ಮಾತು ಇಲಾರಿಯಾಳ ನಾಲಿಗೆಯ ತುದಿಯವರೆಗೆ ಬಂದು ನಿಂತಿತು.

ಮರುದಿನ ಬೆಳಿಗ್ಗೆ ಅವಳೊಬ್ಬಳೇ ಬೆಟ್ಟ ಹತ್ತಿದಳು. ಗುಹೆಯ ಬಂಡೆಯ ಮೇಲೆ ವರ್ಷ ವರ್ಷದ ಮೇಣ ಕರಗಿ ಗಟ್ಟಿಯಾಗಿತ್ತು. ಧೂಪ ಹಚ್ಚಿದಳು. ಕ್ರಿಸಾಂತೋ ಏನೆನ್ನುತ್ತಿದ್ದ ಎಂದು ಒಂದು ದಿನವೂ ಕೇಳಿರಲಿಲ್ಲವಲ್ಲ ಎನಿಸಿತು. ಕೊನೆಗೆ, ಮನೆಗೆ ಬಂದವರೊಡನೆ ಆಡುವಂತೆ ಆಡಿದಳು:

"ನಮ್ಮನೆಯವರು ಬಂದಿಲ್ಲ ಒಡೆಯಾ. ಇನ್ನು ಬರಲ್ಲ. ಅರೆದು ಕಳಿಸ್ತಿದ್ದೋಳು ನಾನೇ. ನೆಲ ಅಗೀತೀವಿ, ಸಿಟ್ಟು ಮಾಡ್ಕೋಬೇಡ."

ಆಮೇಲೆ ಮೂವತ್ತೂ ಮನೆಯವರ ಹೆಸರು ಹೇಳಿದಳು. ಒಂದನ್ನೂ ಬಿಡಲಿಲ್ಲ. ಬಂಡೆಗೆ ಕೊಕ್ಕೋ ಎರೆದಳು. ಉಳಿದದ್ದನ್ನು ಬಂದವರೆಲ್ಲ ಕೈಯಿಂದ ಕೈಗೆ ದಾಟಿಸಿ ಕುಡಿದು ಮುಗಿಸಬೇಕು, ಚೆಲ್ಲುವಂತಿಲ್ಲ. ಹಳೆಯ ಅಳತೆಯಲ್ಲೇ ಕದಡಿದ್ದಳು, ಐದಾರು ಜನಕ್ಕಾಗುವಷ್ಟಿತ್ತು. ಕೊಕ್ಕೋ ತುಂಬಿದ ಸೋರೆಬುರುಡೆಯನ್ನು ಬಲಗೈಯಿಂದ ಎಡಗೈಗೆ ಬದಲಿಸುತ್ತ, ಆ ಕಹಿಯನ್ನೆಲ್ಲ ಅವಳೊಬ್ಬಳೇ ಕುಡಿದಳು. ನಡುವೆ ಒಮ್ಮೆ ಅತ್ತಳು, ಮತ್ತೆ ಕುಡಿದಳು.

ಇಳಿದು ಬಂದಾಗ ನಲ್ಲಿಯ ಬಳಿ ಹೆಂಗಸರಿದ್ದರು. ಎಲ್ಲಿಗೆ ಹೋಗಿದ್ದೆ ಎಂದು ಯಾರೂ ಕೇಳಲಿಲ್ಲ. ತೋಮಾಸಾ ಮಾತ್ರ ಕೊಡದಿಂದ ಕಣ್ಣು ತೆಗೆಯದೆ ಮೆಲ್ಲಗೆ ಕೇಳಿದಳು, "ನಮ್ಮನೇದೂ ಹೇಳಿದ್ಯಾ?"

"ಹೇಳ್ದೆ."

ತೋಮಾಸಾ ಕೊಡವನ್ನು ತಲೆಗೇರಿಸಿಕೊಂಡು ಉಳಿದವರ ಜೊತೆ ನಡೆದಳು. ಇಲಾರಿಯಾ ಬುರುಡೆ ತೊಳೆದು, ಬಿತ್ತನೆಯ ಕಾಳು ಆರಿಸಲು ಮನೆಗೆ ಹೋದಳು.