ಮಗಳ ಕಾರ್ಡು

ಹೆಣದ ಕಾಲ ಬಳಿಯೇ ನಿಂತು ಕಂಪನಿಯ ಮ್ಯಾನೇಜರು ಬೇಕರಿಯವನ ಅಂಗಿ ಜೇಬಿಗೆ ಒಂದು ವಿಸಿಟಿಂಗ್ ಕಾರ್ಡು ತುರುಕಿದ. ಬೇಕರಿಯವನು ಬಿಕ್ಕುತ್ತಲೇ ಅದನ್ನು ಹೊರತೆಗೆದು ನೋಡಿದ. ಇನ್ನು ಮುಂದೆ ನಿಮ್ಮ ತೂಕದ ಮಷಿನ್ನು ಈ ಹುಡುಗಿಯ ಜವಾಬ್ದಾರಿ, ಏನೇ ತೊಂದರೆಯಾದರೂ ಇವಳಿಗೇ ಫೋನ್ ಮಾಡಿ ಎಂದು ಮ್ಯಾನೇಜರು ಪಿಸುದನಿಯಲ್ಲಿ ಹೇಳಿದ. ಪಕ್ಕದಲ್ಲಿದ್ದ ಹುಡುಗಿ ಕಂಪನಿಗೆ ಸೇರಿ ಎರಡು ವರ್ಷವಾಗಿತ್ತಷ್ಟೆ. ಹೊಸ ಗಿರಾಕಿಯನ್ನು ಕಂಡಾಗ ನಗಬೇಕು, ಸಾವಿನ ಮನೆಯಲ್ಲಿ ನಗಬಾರದು. ಎರಡರ ಮಧ್ಯೆ ಸಿಕ್ಕಿಬಿದ್ದು ಅವಳು ತಲೆ ತಗ್ಗಿಸಿ ನಿಂತಳು.

ಬಾಗಿಲ ಬಳಿ ಕುರ್ಚಿ ಹಾಕುತ್ತಿದ್ದ, ತೀರಿಕೊಂಡವನ ಮಗಳಿಗೆ ಮೈಯೆಲ್ಲ ಉರಿದುಹೋಯಿತು. ಅಪ್ಪ ನಲವತ್ತು ವರ್ಷ ಅಂಗಡಿ ಅಂಗಡಿ ಸುತ್ತಿ ತೂಕದ ಮಷಿನ್ನು ಮಾರಿದವನು, ಕೆಟ್ಟರೆ ತಾನೇ ಹೋಗಿ ರಿಪೇರಿ ಮಾಡಿದವನು. ಬೆಳಗಿನಿಂದ ಮನೆ ಮುಂದೆ ಜನವೋ ಜನ. ಅವರಲ್ಲಿ ನೆಂಟರು ಬೆರಳೆಣಿಕೆಯಷ್ಟು, ಉಳಿದವರೆಲ್ಲ ಗಿರಾಕಿಗಳು. ತರಕಾರಿಯವರು, ಮೀನಿನವರು, ಹಳೇ ಪೇಪರಿನವರು, ಒಬ್ಬ ಚಿನ್ನದಂಗಡಿ ಯಜಮಾನ ಕೂಡ. ಬಂದವರೆಲ್ಲ ಅವಳೆದುರು ಅಪ್ಪನನ್ನು ಹೊಗಳುವವರೇ. ತನ್ನ ಮೊಣಕಾಲು ನೋವನ್ನು ಹೆಂಡತಿ ಮರೆತರೂ ಇವರು ಮರೆಯುತ್ತಿರಲಿಲ್ಲ ಎಂದರು ಒಬ್ಬರು. ಹಾರ್ಡ್‌ವೇರ್ ಅಂಗಡಿಯವನದು ಬೇರೆಯೇ ಕತೆ. ಮದುವೆಯೇ ಆಗದ ತನ್ನನ್ನು ಒಮ್ಮೆ, ನಿಮ್ಮ ಅತ್ತೆಯ ಕಣ್ಣಿನ ಆಪರೇಷನ್ ಹೇಗಾಯಿತು ಎಂದು ವಿಚಾರಿಸಿದ್ದರಂತೆ. ಪಕ್ಕದ ಅಂಗಡಿಯವನ ವಿವರ ಬರೆದಿಟ್ಟ ಕಾರ್ಡು ಓದಿಕೊಂಡು ಒಳಗೆ ಬಂದುಬಿಟ್ಟಿದ್ದರಂತೆ. ಸುತ್ತ ನಿಂತವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅವಳಿಗೆ ನಗು ಬರಲಿಲ್ಲ. ಆ ಕಾರ್ಡುಗಳ ಜೊತೆಯಲ್ಲೇ ಅವಳು ಬೆಳೆದಿದ್ದಳು.

*

ಆಗ ಅವಳಿಗೆ ಒಂಬತ್ತು ವರ್ಷ. ಅಪ್ಪ ಸಂಜೆ ಮನೆಗೆ ಬಂದವನೇ ಮುಖ ತೊಳೆದು ಊಟದ ಮೇಜಿನ ಮೇಲೆ ಮರದ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಿದ್ದ. ಒಬ್ಬ ಗಿರಾಕಿಗೆ ಒಂದು ಕಾರ್ಡು. ಹುಟ್ಟಿದ ದಿನ, ಮಕ್ಕಳ ಓದು, ಕಾಯಿಲೆ ಕಸಾಲೆ, ಎತ್ತಬಾರದ ಮಾತು, ಮುಂದಿನ ಸಲ ಕೇಳಬೇಕಾದ ಮಾತು. ಮಾರನೇ ದಿನ ಅಂಗಡಿಯ ತಿರುವಿನಲ್ಲಿ ಸ್ಕೂಟರು ನಿಲ್ಲಿಸಿ, ಕಾರ್ಡು ಓದಿ, ಜೇಬಿಗೆ ಹಾಕಿಕೊಂಡು, ಆಗತಾನೇ ನೆನಪಾದವನಂತೆ ಒಳಗೆ ಹೋಗುತ್ತಿದ್ದ.

ವ್ಯಾಪಾರದ ಒಳಗುಟ್ಟನ್ನು ಅವನು ಅವಳಿಗೆ ಆಗಲೇ ಹೇಳಿಕೊಟ್ಟಿದ್ದ. ಮಷಿನ್ನು ಎಲ್ಲ ಕಂಪನಿಯವರೂ ಮಾಡುತ್ತಾರೆ, ಗಿರಾಕಿ ತಿರುಗಿ ಬರುವುದು ಮಷಿನ್ನಿಗಾಗಿ ಅಲ್ಲ ಎನ್ನುತ್ತಿದ್ದ. ಹೊಸಬನನ್ನು ಹುಡುಕಲು ತಿಂಗಳು ಬೇಕು, ಹಳಬನನ್ನು ಉಳಿಸಿಕೊಳ್ಳಲು ಒಂದು ಫೋನು ಸಾಕು. ಕೆಲವು ಕಾರ್ಡುಗಳ ತಲೆಯ ಮೇಲೆ ಕೆಂಪು ಗೆರೆ ಇರುತ್ತಿತ್ತು. ಇವರೆಲ್ಲ ತುಂಬ ಬೈಯುವವರಾ ಎಂದು ಅವಳು ಕೇಳಿದ್ದಳು.

"ಬೈಯೋನು ಎಲ್ಲೂ ಹೋಗಲ್ಲ ಮಗಾ. ಅವನಿಗಿನ್ನೂ ನಮ್ಮ ಮೇಲೆ ಆಸೆ ಇದೆ ಅಂತ ಅರ್ಥ," ಎಂದಿದ್ದ ಅಪ್ಪ. "ಇವರು ಬೈಯೋದನ್ನ ನಿಲ್ಲಿಸಿದೋರು. ಸುಮ್ಮನಾದೋರನ್ನ ಹಿಡಿಯೋದೇ ಕಷ್ಟ."

ಅಮ್ಮ ಪಾತ್ರೆ ಉಜ್ಜುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೆ ಮೂರು ದಿನದಿಂದ ಜ್ವರ.

"ನಂಗೂ ಒಂದು ಕಾರ್ಡು ಬರ್ಕೊಳ್ರೀ," ಎಂದಳು. "ಆಗಲಾದ್ರೂ ಜ್ವರ ಇಳೀತಾ ಅಂತ ಕೇಳ್ತೀರೇನೋ."

ಅಪ್ಪ ಅದನ್ನು ತಮಾಷೆ ಎಂದುಕೊಂಡು ಮನಸಾರೆ ನಕ್ಕ. ಹದಿನೈದು ವರ್ಷದ ನಂತರ ಅಮ್ಮ ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆಯುವ ಹೊತ್ತಿಗೆ ಅವನು ಮೀನು ಮಾರುಕಟ್ಟೆಯಲ್ಲಿ ಕೆಟ್ಟ ಮಷಿನ್ನೊಂದನ್ನು ಬಿಚ್ಚಿಕೊಂಡು ಕೂತಿದ್ದ. ಮಗಳು ಬೈಯಲಿಲ್ಲ, ಕೂಗಾಡಲಿಲ್ಲ. ತಿಂಗಳೊಳಗೆ ಬೇರೆ ಊರಲ್ಲಿ ಕೆಲಸ ಹಿಡಿದು ಹೊರಟುಹೋದಳು.

*

ಮ್ಯಾನೇಜರು ಈಗ ಅವಳ ಬಳಿ ಬಂದ. ಗಂಟಲು ಸರಿ ಮಾಡಿಕೊಂಡು, ನಿಮ್ಮ ತಂದೆಯಂಥವರು ಇನ್ನೊಬ್ಬರು ಹುಟ್ಟಿಬರುವುದಿಲ್ಲ ಎಂದ. ಅದೇ ಉಸಿರಿನಲ್ಲಿ, ಹಳೆಯ ಕಾರ್ಡುಗಳೆಲ್ಲ ಕಂಪ್ಯೂಟರಿಗೆ ಏರಿವೆ, ಪೆಟ್ಟಿಗೆಯೊಂದು ಮಾತ್ರ ಮನೆಯಲ್ಲೇ ಉಳಿದಿದೆ, ಅದು ಕಂಪನಿಗೆ ಸೇರಿದ್ದು, ಇವತ್ತೇ ಸಿಕ್ಕರೆ ಒಳ್ಳೆಯದಿತ್ತು ಎಂದ.

ಅಪ್ಪನ ತಂಗಿ, ಅವಳ ಸೋದರತ್ತೆ, ಗೋಡೆಗೊರಗಿ ಕೂತಿದ್ದವಳು ಕಣ್ಣು ತೆರೆದಳು.

"ನಮ್ಮಣ್ಣನೂ ಕಂಪನಿಗೇ ಸೇರಿದೋನು," ಎಂದಳು. "ಅವನನ್ನೂ ಹೊತ್ಕೊಂಡು ಹೋಗ್ತೀರೇನಪ್ಪ?"

ಮ್ಯಾನೇಜರು ಹಲ್ಲು ಕಿರಿದು ಹಿಂದೆ ಸರಿದ. ಅವನ ಮಾತನ್ನು ಹೇಗಾದರೂ ಸರಿದೂಗಿಸಬೇಕೆಂದು ಹೊಸ ಹುಡುಗಿ ಮುಂದೆ ಬಂದಳು. ಒಳ್ಳೆಯ ಮನಸ್ಸಿನ ಹುಡುಗಿಯೇ. ತನಗೆ ಕೆಲಸ ಕಲಿಸಿದ್ದು ಸಾರೇ ಎಂದು ಹೇಳಿ ಕಣ್ಣೊರೆಸಿಕೊಂಡಳು.

"ನಿಮ್ಮ ಬೆನ್ನುನೋವು ಈಗ ಹೇಗಿದೆ ಮೇಡಂ?" ಎಂದು ಕೇಳಿದಳು.

ಮಗಳ ಕೈ ಕುರ್ಚಿಯ ಮೇಲೆಯೇ ನಿಂತಿತು.

"ನಿಂಗ್ಯಾರು ಹೇಳಿದ್ರು?"

"ನಿಮ್ಮ ಕಾರ್ಡಲ್ಲಿತ್ತು ಮೇಡಂ. ಆ ಪೆಟ್ಟಿಗೇಲಿ ಒಂದ್ಸಲ ನೋಡಿದ್ದೆ."

*

ಹನ್ನೊಂದು ವರ್ಷ, ಅವಳ ಹುಟ್ಟಿದ ದಿನ ಬೆಳಿಗ್ಗೆ ಸರಿಯಾಗಿ ಒಂಬತ್ತಕ್ಕೆ ಫೋನು ಬರುತ್ತಿತ್ತು. ಅಪ್ಪನ ಮಾತು ಮೂರು ನಿಮಿಷ ದಾಟುತ್ತಿರಲಿಲ್ಲ. ಹೊಸ ಮನೆಗೆ ಬಿಸಿಲು ಬರುತ್ತದೆಯೇ, ಬೆನ್ನುನೋವಿಗೆ ಕೊಟ್ಟ ಮಾತ್ರೆ ನಾಟಿತೇ ಎನ್ನುತ್ತಿದ್ದ. ಯಾವತ್ತೋ ಬಾಯಿತಪ್ಪಿ ಹೇಳಿದ್ದನ್ನು ಮುಂದಿನ ವರ್ಷ ನೆನಪಿಟ್ಟು ಕೇಳುತ್ತಿದ್ದ. ಅವಳು ಬಿಗಿಯಾಗಿಯೇ ಉತ್ತರಿಸುತ್ತಿದ್ದಳು. ಆದರೆ ಫೋನು ಇಟ್ಟ ಮೇಲೆ ಕಿಟಕಿಯ ಬಳಿ ಹೋಗಿ ನಿಲ್ಲುತ್ತಿದ್ದಳು, ಎದೆಯಲ್ಲಿ ಏನೋ ಸ್ವಲ್ಪ ಸಡಿಲವಾಗುತ್ತಿತ್ತು. ಊರಿನವರಿಗೆಲ್ಲ ಕಾರ್ಡು, ನನ್ನದು ಮಾತ್ರ ಅಪ್ಪನಿಗೆ ಬಾಯಿಪಾಠ ಎಂದುಕೊಂಡಿದ್ದಳು. ಆ ಒಂದು ನಂಬಿಕೆಯ ಮೇಲೆ ವರ್ಷಕ್ಕಿಷ್ಟರಂತೆ ಅವನನ್ನು ಕ್ಷಮಿಸುತ್ತಾ ಬಂದಿದ್ದಳು.

*

ಪೆಟ್ಟಿಗೆ ಅಪ್ಪನ ಮಂಚದ ಕೆಳಗಿತ್ತು. ಹೊರಗೆ ವ್ಯಾನು ಬಂದ ಸದ್ದಾಯಿತು, ಬೇಗ ಬಾರೇ ಎಂದು ಅತ್ತೆ ಕರೆದಳು. ಮಗಳು ಬಾಗಿಲು ಹಾಕಿಕೊಂಡು ನೆಲದ ಮೇಲೆ ಕೂತು ಕಾರ್ಡು ಹುಡುಕಿದಳು. ಕಾರ್ಡು ಇರದೇ ಇರಲಿ, ಹುಡುಗಿಗೆ ಬೇರೆ ಯಾರದೋ ಬೆನ್ನುನೋವು ನೆನಪಾಗಿರಲಿ ಎಂದು ಆಸೆಪಡುತ್ತಲೇ ಹುಡುಕಿದಳು.

ಕಾರ್ಡು ಇತ್ತು. ಅದೇ ದುಂಡು ಅಕ್ಷರ, ತಲೆಯ ಮೇಲೆ ಕೆಂಪು ಗೆರೆ. ಸಂಬಂಧ: ಮಗಳು. ಫೋನು ಬೆಳಿಗ್ಗೆ ಒಂಬತ್ತು, ಆಮೇಲೆ ಅವಳು ಆಫೀಸಿಗೆ ಹೊರಡುತ್ತಾಳೆ. ಎತ್ತಬಾರದ ಮಾತು: ಅವಳಮ್ಮ. ಮೂರು ನಿಮಿಷದೊಳಗೆ ಮುಗಿಸಬೇಕು, ಹೆಚ್ಚಾದರೆ ಅವಳ ಧ್ವನಿ ಒಡೆಯುತ್ತದೆ. ಕೇಳಬೇಕಾದ್ದು: ಬಿಸಿಲು, ಬೆನ್ನು, ಮಾತ್ರೆ.

ಮನುಷ್ಯನೇನಪ್ಪ ನೀನು ಎಂದು ಹಲ್ಲು ಕಚ್ಚಿ ಅವಳು ಕಾರ್ಡನ್ನು ಹರಿಯಲು ಹಿಡಿದಳು. ಆಗ ಹಿಂಬದಿ ಕಂಡಿತು. ಗಿರಾಕಿ ತಾನಾಗಿ ಫೋನ್ ಮಾಡಿದ್ದು ಎಂಬ ಅಂಕಣ ಅದು. ಎಲ್ಲ ಕಾರ್ಡುಗಳಲ್ಲೂ ಇರುತ್ತಿತ್ತು. ಬೇಕರಿಯವನದು ತುಂಬಿ, ಇನ್ನೊಂದು ಹಾಳೆ ಅಂಟಿಸಿದ್ದನ್ನು ಹುಡುಕುವಾಗ ಅವಳೇ ಕಂಡಿದ್ದಳು. ತನ್ನದರಲ್ಲಿ ವರ್ಷಕ್ಕೊಂದು ಸಾಲು. ಮಾಡಲಿಲ್ಲ. ಮಾಡಲಿಲ್ಲ. ಮಾಡಲಿಲ್ಲ. ಹನ್ನೊಂದು ಸಲ ಅದೇ ಮಾತು, ಕೊನೆಯ ಮೂರು ಸಾಲುಗಳಲ್ಲಿ ಅಕ್ಷರ ನಡುಗಿತ್ತು.

ಫೋನ್ ಮಾಡಬೇಕಾದವನು ಅವನು, ತಪ್ಪು ಅವನದು ಎಂದು ಅವಳು ಇಷ್ಟು ವರ್ಷ ಕಾದಿದ್ದು ನಿಜ. ತಾನಾಗಿ ಒಮ್ಮೆ ಫೋನ್ ಮಾಡಬಹುದಿತ್ತು ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ. ಈಗ ಸಿಟ್ಟನ್ನು ಯಾರ ಮೇಲೆ ಹಾಕಬೇಕೋ ತಿಳಿಯದೆ ಅವಳು ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು. ಅತ್ತೆ ಬಾಗಿಲು ತಟ್ಟಿದ ಮೇಲೆ ಎದ್ದಳು.

ವ್ಯಾನಿನ ಜೊತೆ ಬಂದಿದ್ದ ಸ್ಮಶಾನದ ಗುಮಾಸ್ತ ರಟ್ಟಿನ ಮೇಲೆ ಫಾರಂ ಇಟ್ಟುಕೊಂಡು ಹೊರಗೆ ಕಾಯುತ್ತಿದ್ದ. ಹತ್ತಿರದ ಸಂಬಂಧಿ ಯಾರು ಎಂದ. ನಾನು, ಮಗಳು ಎಂದಳು. ಗುಮಾಸ್ತ ಬರೆದುಕೊಂಡ.

"ಇವರ ಹುಟ್ಟಿದ ತಾರೀಖು?"

ಅವಳು ಬಾಯಿ ತೆರೆದಳು. ಬೇಸಿಗೆಯೇ? ಅಮ್ಮ ಇದ್ದಾಗ ಏನಾದರೂ ಸಿಹಿ ಮಾಡುತ್ತಿದ್ದಳು, ಯಾವ ತಿಂಗಳು ಅದು? ಅತ್ತೆಯ ಕಡೆ ನೋಡಿದಳು. ಅತ್ತೆ ಆಗಲೇ ವ್ಯಾನು ಹತ್ತುತ್ತಿದ್ದಳು.

"ನವೆಂಬರ್ ಹದಿನೇಳು," ಎಂದ ಹಿಂದೆ ನಿಂತಿದ್ದ ಬೇಕರಿಯವನು. ಇಸವಿಯನ್ನೂ ಸೇರಿಸಿದ. "ಪ್ರತಿ ವರ್ಷ ನಾನೇ ಫೋನ್ ಮಾಡ್ತಿದ್ದೆ."

ಗುಮಾಸ್ತ ಬರೆದುಕೊಂಡ. ರಕ್ತದೊತ್ತಡ ಇತ್ತೇ, ಔಷಧಿ ಏನು ತಗೊಳ್ಳುತ್ತಿದ್ದರು ಎಂದು ಇನ್ನೂ ಕೇಳುವುದಿತ್ತು. ಅವನು ರಟ್ಟನ್ನು ಎತ್ತಿಕೊಂಡು ಮಗಳಿಗೆ ಬೆನ್ನು ತಿರುಗಿಸಿ, ಬೇಕರಿಯವನ ಎದುರು ಹೋಗಿ ನಿಂತ.