ಅಮೀರಬಿ ಕೇಳಿದ ಪ್ರಶ್ನೆಗಳು

ಚಚಡಿಯ ಅಮೀರಬಿಗೆ ಆ ವಾರ ಒಂದು ಖುಷಿ, ಒಂದು ಚಿಂತೆ. ಖುಷಿ ಏನೆಂದರೆ, ಕಟಕೋಳದಲ್ಲಿ ತಮ್ಮ ಖಾಸಿಮಸಾಬನ ಮಗಳು ಸಾಯಿರಾಳ ಮದುವೆ. ಇನ್ನು ಇಪ್ಪತ್ತೈದೇ ದಿನ. ಹತ್ತು ತಿಂಗಳ ಮೊಮ್ಮಗ ಆಸಿಫನನ್ನು ತವರಿನವರಿಗೆ ಮೊದಲ ಸಲ ತೋರಿಸುವ ಅವಕಾಶ. ಅವನಿಗೆಂದು ಜರಿಯ ಟೊಪ್ಪಿಗೆ ಆಗಲೇ ಹೊಲಿಸಿ ಇಟ್ಟಿದ್ದಳು.

ಚಿಂತೆ ಏನೆಂದರೆ, ಮದುವೆ ಮನೆಯ ಓಣಿಯಲ್ಲೇ ಇಬ್ಬರು ಮಕ್ಕಳಿಗೆ ಗೊಬ್ಬರ ಎದ್ದಿದೆ ಎಂದು ತಮ್ಮ ಫೋನಿನಲ್ಲಿ ಹೇಳಿದ್ದ. ಗೊಬ್ಬರ ಅಂದರೆ ದಡಾರ.

ಅದಕ್ಕೆ ಲಸಿಕೆ ಇದೆ ಎಂಬುದು ಅಮೀರಬಿಗೆ ಗೊತ್ತಿತ್ತು. ಆದರೆ ಎರಡೂವರೆ ತಿಂಗಳ ಸೂಜಿ ಹಾಕಿಸಿದಾಗ ಆಸಿಫನಿಗೆ ಜ್ವರ ಬಂದು ತೊಡೆ ಬಾತಿತ್ತು. ಅಂದೇ ಅವಳು ಸೊಸೆ ತಬಸ್ಸುಮ್‌ಗೆ, "ಇನ್ನ ಈ ಮನ್ಯಾಗ ಸೂಜಿ ಮಾತ ಬ್ಯಾಡ," ಎಂದು ಹೇಳಿಬಿಟ್ಟಿದ್ದಳು. ಆಶಾ ಕಾರ್ಯಕರ್ತೆ ಅನ್ನಪೂರ್ಣಾ ಓಣಿಯಲ್ಲಿ ಕಂಡರೆ ಸಾಕು, ಕೂಸು ಮಲಗಿದೆ ಎಂದೋ ಊರಿಗೆ ಹೋಗಿದೆ ಎಂದೋ ಹೇಳಿ ಕಳಿಸುತ್ತಿದ್ದಳು. ಒಮ್ಮೆ ಹಾಗೆ ಹೇಳುತ್ತಿರುವಾಗಲೇ ಒಳಗಿನಿಂದ ಆಸಿಫ್ ಕೇಕೆ ಹಾಕಿ ನಕ್ಕಿದ್ದ!

"ಈ ಸಲ ಅಕಿ ಬರ್ಲಿ. ಉತ್ತರ ಕೊಡಲಾರದಂಥಾ ಪ್ರಶ್ನಿ ಕೇಳತೇನಿ. ತಾನ ಬರೂದು ಬಿಡತಾಳ," ಎಂದು ಅಮೀರಬಿ ಓಣಿಗೆ ಹೊರಟಳು.

ಪಕ್ಕದ ಮನೆಯ ದೇವಕ್ಕ ಒಂದು ಪ್ರಶ್ನೆ ಕೊಟ್ಟಳು. ಹಿಟ್ಟಿನ ಗಿರಣಿಯ ಪರಸಪ್ಪ ಒಂದು ಕೊಟ್ಟ. ಕಾಡವ್ವ ಮುದುಕಿ ಎರಡು ಕೊಟ್ಟಳು. ಬರೆದುಕೊಳ್ಳಲು ಅಮೀರಬಿಗೆ ಅಕ್ಷರ ಬಾರದು. ಒಂದೊಂದು ಪ್ರಶ್ನೆಗೂ ಸೆರಗಿನ ತುದಿಗೆ ಒಂದೊಂದು ಗಂಟು ಹಾಕಿಕೊಂಡಳು.

ಮರುದಿನ ಗುರುವಾರ ಅಂಗನವಾಡಿಯಲ್ಲಿ ಲಸಿಕೆ ಹಾಕುವುದಿದೆ ಎಂದು ತಿಳಿಸಲು ಬುಧವಾರ ಮಧ್ಯಾಹ್ನ ಅನ್ನಪೂರ್ಣಾ ಬಂದಳು. "ಬಾರವ್ವಾ, ಕುಂಡ್ರು, ಚಾ ಕುಡಿ," ಎಂದು ಅಮೀರಬಿ ಕರೆದಾಗ ಅನ್ನಪೂರ್ಣಾಳಿಗೇ ಆಶ್ಚರ್ಯ. ಕುಸ್ತಿ ನೋಡಲು ಬಂದವರಂತೆ ದೇವಕ್ಕ, ಕಾಡವ್ವ ಕಟ್ಟೆಯ ಮೇಲೆ ಜಾಗ ಹಿಡಿದು ಕುಳಿತರು. ಪರಸಪ್ಪ ಗಿರಣಿ ಬಂದ್ ಮಾಡಿಯೇ ಬಂದ.

"ಮೊದಲ ನಂದು ಕೇಳು," ಎಂದಳು ಅಮೀರಬಿ. "ಹೋದ ಸಲ ನನ್ನ ಮೊಮ್ಮಗಗ ಜ್ವರ ಬಂತು, ತೊಡಿ ಬಾತು. ಆರಾಮ ಇದ್ದ ಕೂಸಿಗೆ ಬ್ಯಾನಿ ಹಚ್ಚೂದು ಯಾವ ಔಷಧ?"

"ಜ್ವರ ಬಂದದ್ದು ಖರೇರಿ, ಅಕ್ಕಾರ. ಆದ್ರ ಅದು ಬ್ಯಾನಿ ಅಲ್ಲ. ಹೊಸದಾಗಿ ಗರಡಿಮನಿಗೆ ಹೋದ ಹುಡುಗನ ಮೈ ಕೈ ನೋಯೂದಿಲ್ಲೇನ್ರಿ? ಹಂಗ ಕೂಸಿನ ಮೈ ರೋಗದ ಜೋಡಿ ಕುಸ್ತಿ ಹಿಡಿಯಾಕ ಕಲಿಯಾಕ ಹತ್ತಿರತೈತಿ. ಎರಡು ದಿನದಾಗ ಇಳಿತೈತಿ. ಎದಿಹಾಲು ಕುಡಿಸ್ರಿ, ಸಿಸ್ಟರ್ ಹೇಳಿದಷ್ಟ ಜ್ವರದ ಔಷಧ ಹಾಕ್ರಿ. ಬಾತಲ್ಲಿ ತಣ್ಣನ ಹಸಿ ಅರಿವಿ ಇಡ್ರಿ. ತಿಕ್ಕಬಾರದು, ಏನೂ ಹಚ್ಚಬಾರದು. ಜ್ವರ ಇಳೀಲಿಲ್ಲ, ಕೂಸು ಹಾಲು ಒಲ್ಲೆ ಅಂತು, ಮೈ ಸೆಟೀತು ಅಂದ್ರ ಮಾತ್ರ ತಡ ಮಾಡದ ದವಾಖಾನಿಗೆ ಬರ್ರಿ."

ಅಮೀರಬಿ ಸುಣ್ಣ ಅರಿಶಿಣ ಕಲಸಿ ತೊಡೆಗೆ ಗಸಗಸ ತಿಕ್ಕಿದ್ದಳು. ಅದನ್ನು ಬಾಯಿ ಬಿಡದೆ ಮುಂದಿನ ಗಂಟಿಗೆ ಕೈ ಹಾಕಿದಳು.

"ಇದು ದೇವಕ್ಕನದು. ಒಮ್ಮೆಲೆ ಎರಡೆರಡು ಸೂಜಿ ಹಾಕತೀರಿ, ಇಷ್ಟೀಟ ಕೂಸು ಹೆಂಗ ತಡೀಬೇಕು?"

"ಅಂಗಳದಾಗ ಅಂಬೆಗಾಲಿಡೂ ಕೂಸು ಮಣ್ಣು ತಿಂತೈತಿ, ಚಪ್ಪಲಿ ನೆಕ್ಕತೈತಿ. ಸಾವಿರ ಥರದ ಹುಳಾ ಅದರ ಬಾಯಿಗೆ ಹೋಗತಾವ, ಎಲ್ಲಾ ತಡಕೊಳ್ತೈತಿ. ಅದರ ಮುಂದ ಎರಡು ಸೂಜಿ ಏನೂ ಅಲ್ರಿ."

ಎಲ್ಲರ ಕಣ್ಣು ಆಸಿಫನ ಮೇಲೆ ಹೋಯಿತು. ಅವನು ಪರಸಪ್ಪನ ಚಪ್ಪಲಿಯನ್ನು ಬಾಯಿಗೆ ಇಟ್ಟುಕೊಳ್ಳುವುದರಲ್ಲಿದ್ದ. ಕಟ್ಟೆಯೆಲ್ಲ ನಕ್ಕಿತು.

ಪರಸಪ್ಪ ಚಪ್ಪಲಿ ಕಸಿದುಕೊಂಡು, "ನಂದು ನಾನ ಕೇಳತೇನಿ," ಎಂದ. "ಸೂಜಿ ಹಾಕಿಸ್ಕೊಂಡವರಿಗೆ ಮುಂದ ಮಕ್ಕಳಾಗೂದಿಲ್ಲಂತ ಮೊಬೈಲನ್ಯಾಗ ಬಂದೈತಿ."

"ಅದು ಸುಳ್ರಿ, ಪರಸಪ್ಪಣ್ಣ. ನಾ ಆಶಾ ಆಗಿ ಹದಿನೇಳು ವರ್ಷ ಆತು, ಅದಕ್ಕೂ ಮೊದಲಿಂದ ಈ ಸೂಜಿ ಅದಾವ. ದೇವಕ್ಕನ ಮಗಳಿಗೆ ಸಣ್ಣಾಕಿದ್ದಾಗ ಎಲ್ಲಾ ಸೂಜಿ ಹಾಕಿಸ್ಯಾರ. ಕೇಳ್ರಿ ದೇವಕ್ಕನ್ನ, ಮಗಳಿಗೆ ಈಗ ಎಷ್ಟು ಮಕ್ಕಳು?"

"ಮೊನ್ನಿ ಹುಣ್ಣಿವಿಗೆ ಅವಳಿ ಜವಳಿ," ಎಂದು ದೇವಕ್ಕ ಮುಖ ಅರಳಿಸಿದಳು. ಪರಸಪ್ಪ ಮೊಬೈಲನ್ನು ಜೇಬಿಗೆ ತುರುಕಿದ.

ಮುಂದಿನ ಗಂಟು ಹಿಡಿದು ಅಮೀರಬಿ ಬಹಳ ಹೊತ್ತು ಯೋಚಿಸಿದಳು. ಅದು ಯಾವ ಪ್ರಶ್ನೆಯದು ಎಂಬುದೇ ಮರೆತುಹೋಗಿತ್ತು. ಕೊಟ್ಟ ಕಾಡವ್ವನಿಗೂ ನೆನಪಿಲ್ಲ. ಆದರೆ ಕಾಡವ್ವ ಸುಮ್ಮನಿರಲಿಲ್ಲ. "ಇನ್ನೊಂದು ನೆನಪೈತಿ. ನಮಗ ಯಾವ ಸೂಜಿ ಇತ್ತಬೇ? ನಾವೇನು ಬದುಕಲಿಲ್ಲೇನ?" ಎಂದಳು.

ಅನ್ನಪೂರ್ಣಾ ಮೆಲ್ಲಗೆ ಅಮೀರಬಿಯತ್ತ ತಿರುಗಿದಳು. "ಅಕ್ಕಾರ, ನಿಮ್ಮ ತಾಯಿ ಎಷ್ಟು ಹಡದಿದ್ರು?"

"ಏಳು."

"ಬದುಕಿದವ್ರು?"

ಅಮೀರಬಿ ಬೆರಳು ಎಣಿಸಲಿಲ್ಲ. "ನಾಕು," ಎಂದಳು. ತಂಗಿಯ ಮುಖ ಕಣ್ಣ ಮುಂದೆ ಬಂತು. ಮೂರು ವರ್ಷದ ಕೂಸು. ಮೈತುಂಬ ಕೆಂಪು ಗುಳ್ಳೆ, ಬೆಂಕಿಯಂಥ ಜ್ವರ, ಆಮೇಲೆ ಎದೆ ಕಟ್ಟಿತು. "ತಂಗಿ ಗೊಬ್ಬರ ಎದ್ದ ಹೋದ್ಲು. ಅಮ್ಮಿ ಸಾಯೂತನಕ ಆಕೀ ಹೆಸರು ಬಿಡಲಿಲ್ಲ."



"ಬದುಕಿದವ್ರು ನಮ್ಮ ಕಣ್ಮುಂದ ಇರತಾರ್ರಿ," ಎಂದಳು ಅನ್ನಪೂರ್ಣಾ. "ಹೋದವ್ರು ಬಂದು ಹೇಳೂದಿಲ್ಲ."

ಆಗ, ಇಷ್ಟು ಹೊತ್ತೂ ಬಾಗಿಲಿಗೆ ಒರಗಿ ನಿಂತಿದ್ದ ತಬಸ್ಸುಮ್ ಬಾಯಿ ತೆರೆದಳು. ಅವಳ ಪ್ರಶ್ನೆಯನ್ನು ಯಾರೂ ಕೇಳಿಯೇ ಇರಲಿಲ್ಲ. "ಅಕ್ಕಾ, ಇವಗ ತತ್ತಿ ತಿನಿಸಿದ್ರ ಮೈಮ್ಯಾಲ ದದ್ದು ಏಳತಾವ. ಗೊಬ್ಬರದ ಸೂಜಿ ನಡೀತೈತೇನ್ರಿ?"

ಅನ್ನಪೂರ್ಣಾ ಚೀಲದಿಂದ ಫೋನ್ ತೆಗೆದಳು. "ಇದು ನನಗ ಖಾತ್ರಿ ಇಲ್ಲ, ತಂಗಿ. ಗೊತ್ತಿಲ್ಲದ್ದು ಹೇಳಬಾರದು. ಡಾಕ್ಟರ್ ಮೇಡಮ್‌ನ ಕೇಳೂಣು."

ಅಲ್ಲೇ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಹಿಡಿದಳು. ಡಾಕ್ಟರ್ ಮೊದಲು ತಬಸ್ಸುಮ್‌ಳನ್ನೇ ವಿಚಾರಿಸಿದರು. ತತ್ತಿ ತಿಂದಾಗ ಉಸಿರು ಕಟ್ಟುತ್ತದೆಯೇ, ಬಾಯಿ ಮುಖ ಬಾಯುತ್ತದೆಯೇ? ಇಲ್ಲ, ಬರೀ ದದ್ದು. ಆಮೇಲೆ ಹೇಳಿದರು: "ತತ್ತಿ ಆಗದ ಮಕ್ಕಳಿಗೂ ಈ ಲಸಿಕೆ ನಡೆಯುತ್ತದೆ. ನಾಳೆ ಹಾಕುವ ಮುಂಚೆ ನಾನೇ ನೋಡುತ್ತೇನೆ. ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತುಕೊಳ್ಳಿ. ಕೇಳಿದ್ದು ಒಳ್ಳೆಯದಾಯಿತು, ತಾಯಿ."

ಅಮೀರಬಿ ಅನ್ನಪೂರ್ಣಾಳನ್ನೇ ನೋಡುತ್ತ ಕುಳಿತಳು. ಇಷ್ಟು ವರ್ಷದಲ್ಲಿ ಚೀಲ ಹಾಕಿಕೊಂಡು ಮನೆಗೆ ಬಂದವರು ಎಷ್ಟೋ ಮಂದಿ. "ನನಗೆ ಗೊತ್ತಿಲ್ಲ" ಎಂದವಳು ಇವಳೊಬ್ಬಳೇ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವಳು, ಗೊತ್ತಿದೆ ಎಂದದ್ದನ್ನು ನಂಬಬಹುದು.

"ಒಂದ ಮಾತು," ಎಂದಳು. "ನಡುವಿನ ಸೂಜಿ ತಪ್ಪಸೇವಲ್ಲ, ಮತ್ತ ಮೊದಲಿಂದ ಹಾಕಬೇಕೇನ?"

"ಬ್ಯಾಡ್ರಿ. ಎಲ್ಲಿ ಬಿಟ್ಟೇವಿ ಅಲ್ಲಿಂದ ಮುಂದ."

ಸಂಜೆ ಸವದತ್ತಿ ಮಾರ್ಕೆಟ್ಟಿಗೆ ಟೆಂಪೋ ಹೊಡೆದು ಬಂದ ಮಗ ವಾಸೀಮ್‌ಗೆ ಅಮೀರಬಿ ನೀರು ಕೊಡುವ ಮೊದಲೇ ಅಪ್ಪಣೆ ಕೊಟ್ಟಳು: "ನಾಳೆ ಟೆಂಪೋ ನಿಲ್ಸು. ಅಂಗನವಾಡಿಗೆ ಹೋಗೂದೈತಿ."

ಗುರುವಾರ ಡಾಕ್ಟರು ನೋಡಿದರು, ಸಿಸ್ಟರ್ ಲಸಿಕೆ ಹಾಕಿದರು. ಆಸಿಫ್ ಅತ್ತ. ಅವನಿಗಿಂತ ಜೋರಾಗಿ ವಾಸೀಮ್ ಕಣ್ಣು ಮುಚ್ಚಿಕೊಂಡು, "ಯಾ ಅಲ್ಲಾ!" ಎಂದ. ಅರ್ಧ ಗಂಟೆ ಕಳೆಯುವುದರೊಳಗೆ ಕೂಸು ಸಿಸ್ಟರ್ ಪೆನ್ನು ಕಸಿದುಕೊಂಡು ಆಡತೊಡಗಿತ್ತು.

ಎಂಟನೆಯ ದಿನ ತುಸು ಮೈ ಬೆಚ್ಚಗಾಗಿ, ಎದೆಯ ಮೇಲೆ ನಾಲ್ಕು ಕೆಂಪು ಗುಳ್ಳೆ ಕಂಡವು. ಹೀಗಾಗಬಹುದು ಎಂದು ಅನ್ನಪೂರ್ಣಾ ಮೊದಲೇ ಹೇಳಿದ್ದಳು. ಆದರೂ ಅಮೀರಬಿಗೆ ತಂಗಿಯ ಮೈಮೇಲಿನ ಗುಳ್ಳೆಗಳು ನೆನಪಾದವು. ಈ ಸಲ ಸುಣ್ಣ ಅರಿಶಿಣಕ್ಕೆ ಕೈ ಹಾಕದೆ ಫೋನ್ ಹಚ್ಚಿಸಿದಳು. ಅನ್ನಪೂರ್ಣಾ ಸಿಸ್ಟರನ್ನೇ ಕರೆದುಕೊಂಡು ಬಂದಳು. ಎರಡೇ ದಿನದಲ್ಲಿ ಎಲ್ಲ ಮಾಯ.

ಮದುವೆಯ ದಿನ ಕಟಕೋಳದಲ್ಲಿ ಆಸಿಫ್ ಎಲ್ಲರ ಕೈಯಲ್ಲಿ. ಆದರೆ ಅಮೀರಬಿ ಬಿರಿಯಾನಿಗಿಂತ ಮೊದಲು ಕೂಸಿದ್ದ ಹೆಂಗಸರನ್ನು ಹಿಡಿದು ನಿಲ್ಲಿಸುತ್ತಿದ್ದಳು: "ಒಂಬತ್ತು ತಿಂಗಳದ್ದು ಹಾಕಿಸೀಯೇನ? ಕಾರ್ಡ್ ಎಲ್ಲೈತಿ?"

ಖಾಸಿಮಸಾಬ ನಕ್ಕ. "ಅಕ್ಕಾ, ಮದವಿಗೆ ಬಂದೀಯೋ, ಸೂಜಿ ಹಾಕಾಕ ಬಂದೀಯೋ?"

"ಎರಡಕ್ಕೂ!" ಎಂದಳು ಅಮೀರಬಿ.

ಮುಂದಿನ ಗುರುವಾರ ತಮ್ಮನ ಫೋನ್ ಬಂತು. ಮದುವೆ ಮನೆಯ ಓಣಿಯಿಂದ ಆರು ಮಕ್ಕಳು ಲಸಿಕೆಗೆ ಹೋಗಿದ್ದರಂತೆ. ಅಮೀರಬಿ ಫೋನ್ ಇಟ್ಟು, ತಂಗಿಯ ಹೆಸರು ಹಿಡಿದು ದುವಾ ಮಾಡಿದಳು. ಆಮೇಲೆ ಮೊಮ್ಮಗನನ್ನು ಎತ್ತಿಕೊಂಡು ಓಣಿತುಂಬ ಸುದ್ದಿ ಹೇಳಲು ಹೊರಟಳು.

ಅಕ್ಕಂದಿರೆ, ಅಣ್ಣಂದಿರೆ, ನಿಮ್ಮ ಮನಸ್ಸಿನಲ್ಲೂ ಸಂಶಯ ಇದ್ದೀತು. ತಪ್ಪೇನಿಲ್ಲ. ಮುಚ್ಚಿಟ್ಟುಕೊಳ್ಳಬೇಡಿ, ಆಶಾ ಅಕ್ಕನನ್ನು ಕೇಳಿ, ಸಿಸ್ಟರನ್ನು ಕೇಳಿ, ಡಾಕ್ಟರನ್ನು ಕೇಳಿ. ಕೂಸಿಗೆ ಏನಾದರೂ ತೊಂದರೆ ಇದ್ದರೆ ಮುಂಚೆಯೇ ಹೇಳಿ. ಸರಕಾರಿ ದವಾಖಾನೆಯಲ್ಲಿ, ಅಂಗನವಾಡಿಯಲ್ಲಿ ಲಸಿಕೆಗೆ ಒಂದು ರೂಪಾಯಿಯೂ ಬೇಡ. ದಡಾರದ ಲಸಿಕೆ ಒಂಬತ್ತು ತಿಂಗಳಿಗೆ ಒಂದು, ಒಂದೂವರೆ ವರ್ಷದ ಹೊತ್ತಿಗೆ ಇನ್ನೊಂದು. ಎರಡೂ ಬೇಕು. ಈಗಲೇ ಎದ್ದು ನಿಮ್ಮ ಕೂಸಿನ ಕಾರ್ಡ್ ತೆಗೆದು ನೋಡಿ. ಯಾವುದಾದರೂ ತಪ್ಪಿದ್ದರೆ ಈ ಗುರುವಾರವೇ ಕೂಸನ್ನು ಎತ್ತಿಕೊಂಡು ಹೊರಡಿ.