ದುಪ್ಪಟ್ಟು ವೇಗದ ಪ್ರಾರ್ಥನೆ

ನಾಯಿಗೆ ಏಟು ಬೀಳುವ ಮೊದಲೇ ಅವನು ಕೆಂಪು ಗುಂಡಿ ಒತ್ತಿದ. ಮುಂದೇನಾಗುತ್ತದೆಂದು ಕೈ ಎತ್ತಿದ ರೀತಿಯಲ್ಲೇ ತಿಳಿಯುತ್ತದೆ. ಪೂರ್ತಿ ನೋಡಿ ಪಾಪ ಕಟ್ಟಿಕೊಳ್ಳುವುದೇಕೆ? ಮುಂದಿನದರಲ್ಲಿ ಯಾರೋ ಹೆಂಗಸು ಕೇಕ್ ಮಾಡುತ್ತಿದ್ದಳು. ಹಸಿರು. ಅದರ ಮುಂದಿನದಕ್ಕೆ ಮತ್ತೆ ಕೆಂಪು, ಕಣ್ಣು ಅರ್ಧ ಮುಚ್ಚಿಕೊಂಡು.

ಅವನ ಉದ್ಯೋಗವೇ ಅದು. ಜನ ಇಂಟರ್ನೆಟ್ಟಿಗೆ ಏರಿಸುವ ವಿಡಿಯೋಗಳಲ್ಲಿ ಮಕ್ಕಳು ನೋಡಬಾರದ್ದನ್ನು ಹೆಕ್ಕಿ ತೆಗೆಯುವುದು. ಸಾಹಿತ್ಯದಲ್ಲಿ ಎಂ.ಎ. ಮಾಡಿದವನು ದಿನವಿಡೀ ಕೊಳಚೆ ಸೋಸುತ್ತಾನೆ. ಒಂದೊಂದನ್ನೂ ಸಾವಕಾಶವಾಗಿ ನೋಡುತ್ತ ಕೂತರೆ ರಾಶಿ ಕರಗುವುದಿಲ್ಲವೆಂದು ಇಲ್ಲಿ ಎಲ್ಲವನ್ನೂ ದುಪ್ಪಟ್ಟು ವೇಗದಲ್ಲಿ ಓಡಿಸುತ್ತಾರೆ. ಅಳುವವರಿಗೂ ನಗುವವರಿಗೂ ಉಸಿರೆಳೆದುಕೊಳ್ಳಲು ಪುರಸೊತ್ತಿರುವುದಿಲ್ಲ.

ಕಾಫಿ ಹೊತ್ತಿಗೆ ಚರ್ಚಿನ ಸಭಾಪಾಲಕರ ಫೋನ್ ಬಂತು.

"ಭಾನುವಾರ ಆರಾಧನೆ ಆದ್ಮೇಲೆ ತಂದೆತಾಯಿಗಳಿಗೆ ನಾಲ್ಕು ಮಾತು ಹೇಳ್ಬೇಕು ನೀವು. ಮಕ್ಕಳು, ಮೊಬೈಲು, ಅದೇ ವಿಷಯ."

"ನಾನೇನು ಹೇಳ್ಲಿ ಅಯ್ಯನವರೇ?"

"ನೀವಲ್ದೆ ಇನ್ಯಾರು? ಮನೇಲಿ ಟೀವಿ ಇಲ್ಲ. ಸಂಜೆ ಪ್ರಾರ್ಥನೆ ಒಂದಿನಾನೂ ತಪ್ಪಿಲ್ಲ."

"ನೋಡೋಣ."

ಪ್ರಾರ್ಥನೆ ತಪ್ಪಿಲ್ಲ, ನಿಜ. ತಪ್ಪಿಸಿಕೊಂಡವನು ಅವನು. ಪಾಳಿ ಮಧ್ಯಾಹ್ನದಿಂದ ರಾತ್ರಿಯವರೆಗೆ ಎಂದು ಬದಲಾದಾಗ, ಮನೆಯ ಯಜಮಾನನ ಧ್ವನಿಯಿಲ್ಲದೆ ಅದೆಂಥ ಕುಟುಂಬ ಪ್ರಾರ್ಥನೆ ಎಂದು ತಾನೇ ಒಂದು ಉಪಾಯ ಹೂಡಿದ್ದ. ಆಫೀಸಿನ ಮೆಟ್ಟಿಲ ಮೇಲೆ ನಿಂತು ಪ್ರಾರ್ಥನೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಹೆಂಡತಿಗೆ ಕಳಿಸಿದ್ದ. ದಿನಾ ಹೊಸದು ಕಳಿಸ್ತೀನಿ ಎಂದೂ ಹೇಳಿದ್ದ. ಎರಡನೆಯದನ್ನು ಕಳಿಸಿದ್ದು ನೆನಪಿಲ್ಲ.

ಸಂಜೆ ಸರ್ವರ್ ಕೈಕೊಟ್ಟಿತು. ಪರದೆಗಳೆಲ್ಲ ಒಟ್ಟಿಗೆ ಬೂದಿಬಣ್ಣಕ್ಕೆ ತಿರುಗಿದವು. ಮೇಲ್ವಿಚಾರಕಿ ಬಂದು, ಇವತ್ತಿಗೆ ಸಾಕು, ಮನೆಗೆ ಹೋಗಿ ಎಂದಳು. ಅವನಿಗೆ ನಂಬಲಾಗದಷ್ಟು ಖುಷಿಯಾಯಿತು. ಇವತ್ತು ಮಕ್ಕಳ ಜೊತೆ ಕೂತು ತಾನೇ ಪ್ರಾರ್ಥನೆ ಮಾಡಬೇಕು.

ಬಸ್ಸಿನಲ್ಲಿ ಎಲ್ಲರೂ ಕತ್ತು ಬಗ್ಗಿಸಿ ಫೋನ್ ನೋಡುತ್ತಿದ್ದರು. ತಾಯಿಯೊಬ್ಬಳು ಅಳುವ ಕೂಸಿನ ಕೈಗೆ ಫೋನ್ ತುರುಕಿ ನಿಟ್ಟುಸಿರು ಬಿಟ್ಟಳು. ಅವನಿಗೆ ಮೈ ಉರಿಯಿತು. ಹೆತ್ತರಾಯಿತೇ? ಭಾನುವಾರದ ಭಾಷಣಕ್ಕೆ ಒಂದು ವಾಕ್ಯ ತಾನಾಗಿ ಹೊಳೆಯಿತು: ತಂದೆಯ ಜಾಗವನ್ನು ಯಂತ್ರಕ್ಕೆ ಬಿಟ್ಟುಕೊಡಬೇಡಿ. ಚೆನ್ನಾಗಿದೆ ಅನ್ನಿಸಿತು. ಮರೆತುಹೋದೀತೆಂದು ಫೋನ್ ತೆಗೆದು ಅದರಲ್ಲಿ ಬರೆದಿಟ್ಟುಕೊಂಡ.

ಮನೆಯ ಬಾಗಿಲು ತೆರೆದಾಗ ಒಳಗಿನಿಂದ ಯಾರೋ ಬೆನ್ನಟ್ಟಿಸಿಕೊಂಡವರಂತೆ ಮಾತಾಡುವುದು ಕೇಳಿತು. ಅದು ಅವನದೇ ಧ್ವನಿ.

"ಪರಲೋಕದ ತಂದೆಯೇ ಈ ಮನೆಯನ್ನು ಕಾಪಾಡು ಚಿಕ್ಕವಳಿಗೆ ಜ್ವರ ಬಿಟ್ಟಿಲ್ಲ ನಿನ್ನ ಕೈಯಿಂದ ಮುಟ್ಟು ಗುಣಪಡಿಸು…"

ಊಟದ ಮೇಜಿನ ತುದಿಯಲ್ಲಿ, ಅವನ ಕುರ್ಚಿಯ ಎದುರು, ಅವನ ಲೋಟಕ್ಕೆ ಫೋನನ್ನು ಒರಗಿಸಿಟ್ಟಿದ್ದರು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಮೂವರೂ ಕಣ್ಣುಮುಚ್ಚಿ ಕೈಜೋಡಿಸಿ ಕೂತಿದ್ದರು. ಜ್ವರ ಬಂದದ್ದು ಹೋದ ವರ್ಷ. ಚಿಕ್ಕವಳು ಈಗ ಕಲ್ಲುಗುಂಡಿನ ಹಾಗಿದ್ದಾಳೆ.

"ಯಾರಿಗೆ ಜ್ವರ?" ಎಂದ ಬಾಗಿಲಲ್ಲೇ ನಿಂತು.

"ಶ್! ಪ್ರಾರ್ಥನೆ ಆಗ್ತಿದೆ," ಎಂದಳು ಹೆಂಡತಿ. ಆಮೇಲೆ ಕಣ್ಣು ತೆರೆದಳು. "ನೀವಾ!"

"ಯಾಕೆ ಹೀಗೆ ಓಡ್ತಿದೆ ಅದು?"

"ಡಬಲ್ ಸ್ಪೀಡಲ್ಲಿ ಇಟ್ಟಿದೀನಪ್ಪಾ," ಎಂದಳು ದೊಡ್ಡವಳು. "ಮುಂದೇನು ಬರತ್ತೆ ಅಂತ ಹೇಗಿದ್ರೂ ಗೊತ್ತಲ್ಲ."

"ದೇವರ ಹತ್ರ ಮಾತಾಡೋ ರೀತೀನಾ ಇದು?"

"ಮಾತಾಡ್ತಿರೋದು ನೀವಪ್ಪಾ."

ಅವನು ಹಲ್ಲು ಕಚ್ಚಿದ. ಫೋನಿನಲ್ಲಿದ್ದ ಅವನ ಧ್ವನಿ ಒಂದೇ ಉಸಿರಿಗೆ ಆಮೆನ್ ತಲುಪಿ ನಿಂತಿತು.

"ಅವಳ ಮೇಲೆ ಯಾಕೆ ರೇಗ್ತೀರಿ?" ಹೆಂಡತಿ ಎಂದಳು. "ಹೊಸದು ಕಳಿಸಿ ಅಂತ ಹೇಳಿ ಹೇಳಿ ನನಗೇ ಸಾಕಾಯ್ತು."

"ನೀನೇ ಮಾಡ್ಬಹುದಿತ್ತಲ್ಲ."

"ಮಾಡ್ದೆ. ಚಿಕ್ಕವಳು ಅಪ್ಪನ್ದೇ ಬೇಕು ಅಂತ ಅಳ್ತಾಳೆ."

ಅವನು ಫೋನನ್ನು ಎತ್ತಿ ಕಪಾಟಿನ ಮೇಲಿಟ್ಟ. ತನ್ನ ಕುರ್ಚಿ ಎಳೆದು ಕೂತ.

"ಇವತ್ತು ನಾನೇ ಮಾಡ್ತೀನಿ. ಎಲ್ರೂ ಕಣ್ಮುಚ್ಚಿ."

ಮುಚ್ಚಿದರು. ಅವನೂ ಮುಚ್ಚಿದ.

"ಪರಲೋಕದ ತಂದೆಯೇ," ಎಂದ.

ಮುಂದೆ? ಈ ಮನೆಯನ್ನು ಕಾಪಾಡು ಎಂಬುದು ನಾಲಿಗೆಯ ತುದಿಗೆ ಬಂತು. ಅದರ ಬೆನ್ನಿಗೇ ಜ್ವರವೂ ಬಂತು. ಛೇ, ಅದು ರೆಕಾರ್ಡಿನದು. ಹೊಸದಾಗಿ ಏನಾದರೂ ಕೇಳಬೇಕು. ದೊಡ್ಡವಳಿಗಾಗಿ ಏನು ಕೇಳಲಿ? ಅವಳಿಗೆ ಏನು ಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಮುಚ್ಚಿದ ಕಣ್ಣೊಳಗೆ ಮಧ್ಯಾಹ್ನದ ಆ ಕೈ ಮೇಲೆದ್ದಿತು, ಅದರ ಕೆಳಗೆ ನಾಯಿ. ಮೇಜಿನ ಮೇಲಿದ್ದ ಅವನ ಬೆರಳು ಒತ್ತಲು ಗುಂಡಿಯಿಲ್ಲದೆ ತಡಕಾಡಿತು. ಅವನಿಗೆ ನಿಜವಾಗಿ ಹೆದರಿಕೆಯಾಯಿತು.

"ಪರಲೋಕದ ತಂದೆಯೇ," ಎಂದ ಮತ್ತೆ.

ಒಳಗೆ ಫ್ರಿಜ್ ಗುಂಯ್ಗುಡುತ್ತಿತ್ತು. ಹೆಂಡತಿ ಒಮ್ಮೆ ಕೆಮ್ಮಿದಳು. ಕುರ್ಚಿಯೊಂದು ಸರಿದ ಸದ್ದಾಯಿತು.

"ಅಮ್ಮಾ, ಅಪ್ಪ ನಿಂತೋಯ್ತು," ಚಿಕ್ಕವಳು ಪಿಸುಗುಟ್ಟಿದಳು.

ದೊಡ್ಡವಳು ನಗಲಿಲ್ಲ.

ಪುಟ್ಟ ಹೆಜ್ಜೆಗಳು ಮೇಜನ್ನು ಸುತ್ತಿ ಬಂದವು. ಅಂಟು ಅಂಟಾದ ಒಂದು ಬೆರಳು ಅವನ ಹಣೆಯ ಮೇಲೆ ಕೂತು, ಒತ್ತಿತು. ಸ್ವಲ್ಪ ಕಾದಿತು. ಮತ್ತೊಮ್ಮೆ ಒತ್ತಿತು, ಈ ಸಲ ತುಸು ಬಲವಾಗಿ.

ಅವನು ಕಣ್ಣು ತೆರೆಯಲಿಲ್ಲ. ಶುರುವಾಗಲೆಂದು ಅವನೂ ಕಾಯುತ್ತಿದ್ದ.